ನಡುಸಮುದ್ರದಲ್ಲಿ ಮಾಘಸ್ನಾನ

ಕುರುಡುಮಲೆ ಗಣಪನಿಗೆ ಕಾಯಿ ಒಡೆಸಿಕೊಂಡು ನಾವು ಹೊರಟಾಗ ಬಿಸಿಲು ಇನ್ನೂ ಏರಿರಲಿಲ್ಲ. ನಮ್ಮ ಕಡೆಯವರು ದೂರ ಹೊರಟರೆ ಆತನಿಗೆ ಒಂದು ಮಾತು ಹೇಳಿಯೇ ಹೊರಡುವುದು. ಕಾರಿನಲ್ಲಿ ನಾನು, ನನ್ನ ಅಕ್ಕ ವೆಂಕಟಲಕ್ಷ್ಮಮ್ಮ, ಭಾವ ಶ್ರೀರಾಮಪ್ಪ, ಮುಂದೆ ಡ್ರೈವರ್ ಅಂಜಪ್ಪ. ಅಕ್ಕ ಭಾವ ಇರುವುದು ಶ್ರೀನಿವಾಸಪುರದ ಹತ್ತಿರ. ಮಾವಿನ ತೋಟವಿದೆ, ಸ್ವಲ್ಪ ಹಿಪ್ಪುನೇರಳೆಯೂ ಇದೆ. ನಾನು ಮಾಲೂರಿನವಳು. ವರ್ಷಗಟ್ಟಲೆ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಬೆಂಗಳೂರಿಗೆ ನಿಂತು ಹೋಗಿ, ಸಂಜೆ ನಿಂತು ಬಂದು, ಗುಮಾಸ್ತಿಕೆ ಮಾಡಿದವಳು. ಪ್ರಯಾಣದ ಕಷ್ಟ ನನಗೆ ಹೊಸದಲ್ಲ. ಕಾಸು ಕೊಟ್ಟು ಕಷ್ಟ ಕೊಂಡುಕೊಂಡದ್ದು ಮಾತ್ರ ಇದೇ ಮೊದಲು.

ಹೊರಟದ್ದು ಚೆನ್ನೈಗೆ, ಅಲ್ಲಿಂದ ಹಡಗಿನಲ್ಲಿ ಮೂರು ರಾತ್ರಿಯ ವಿಹಾರಕ್ಕೆ. ಹಡಗಿನವರ ಲೆಕ್ಕದಲ್ಲಿ ಅದು ಮಧ್ಯಮ ಗಾತ್ರದ್ದಂತೆ. ನಮ್ಮ ಮಾಲೂರಿನ ಬಸ್ ನಿಲ್ದಾಣ, ಸಂತೆ ಮೈದಾನ, ಎರಡು ಮೂರು ಕಲ್ಯಾಣ ಮಂಟಪ ಎಲ್ಲ ಸೇರಿಸಿದರೂ ಅದರೊಳಗೆ ಹಿಡಿಸುತ್ತವೆ. ಇಂಥದ್ದಕ್ಕೆ ಹೋಗಬೇಕೆಂದು ಆಸೆಪಡುವವರು ಈಗ ನಮ್ಮ ಕಡೆಯೂ ಹುಟ್ಟಿಕೊಂಡಿದ್ದಾರೆ. ಅವರಿಗೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಅದನ್ನು ಬಚ್ಚಿಡುವುದೂ ಇಲ್ಲ.

ನಾವು ವಿಹಾರಕ್ಕೆಂದು ಹೋದವರಲ್ಲ, ಹರಕೆ ತೀರಿಸಲು ಹೋದವರು. ಎರಡು ವರ್ಷದ ಹಿಂದೆ ಭಾವ ಮಾವಿನ ಮಂಡಿಯಲ್ಲಿ ಎದೆ ಹಿಡಿದುಕೊಂಡು ಕುಸಿದರು. ಕೋಲಾರದ ಆಸ್ಪತ್ರೆಗೆ ಸೇರಿಸಿದೆವು. ಅಕ್ಕ ಅಳಲಿಲ್ಲ. ಬಾಗಿಲ ಹೊರಗೆ ನಿಂತು, "ಇವ್ರು ಎದ್ದು ಕೂತ್ರೆ ಸೆರಗಿಗೆ ಪಂಚೆ ಗಂಟು ಹಾಕ್ಕೊಂಡು ಇಬ್ರೂ ಮಾಘಮಾಸದಲ್ಲಿ ಸಮುದ್ರಸ್ನಾನ ಮಾಡ್ತೀವಿ" ಎಂದು ಹರಸಿಕೊಂಡಳು. ಭಾವ ಎದ್ದು ಕೂತರು. ಮೊದಲ ಮಾಘ ಬಂದಾಗ ಮಾವು ಹೂ ಬಿಟ್ಟಿತ್ತು, ಔಷಧಿ ಹೊಡೆಯುವ ಕೆಲಸವಿತ್ತು, ಮುಂದಿನ ವರ್ಷ ನೋಡೋಣ ಅಂದರು. ಅಂದಿನಿಂದ ಅಕ್ಕನಿಗೆ ನೆಮ್ಮದಿಯಿಲ್ಲ. ಭಾವ ಮಲಗಿದ ಮೇಲೆ ಅವರ ಮೂಗಿನ ಹತ್ತಿರ ಕೈಯಿಟ್ಟು ನೋಡುತ್ತಾಳೆ. ಕಾರಿನಲ್ಲಾಗಲಿ ಬಸ್ಸಿನಲ್ಲಾಗಲಿ ಅವರ ಎದೆ ಏರಿಳಿಯುವುದನ್ನೇ ನೋಡುತ್ತ ಕೂರುತ್ತಾಳೆ. ಈ ವರ್ಷ ಸಂಕ್ರಾಂತಿ ಹೊತ್ತಿಗೆ ಭಾವನಿಗೆ ಮತ್ತೆ ಎದೆ ಹಿಡಿದಂತಾಯಿತು. ಡಾಕ್ಟರು ಗ್ಯಾಸ್ ಅಂದು ಮಾತ್ರೆ ಕೊಟ್ಟರು.

"ಗ್ಯಾಸೂ ಅಲ್ಲ ಏನೂ ಅಲ್ಲ ಕಣೇ ಗಿರಿಜಾ. ಹರಕೆ ಹಂಗೇ ಇಟ್ಕೊಂಡಿದ್ದೀವಲ್ಲ, ದೇವ್ರು ಜ್ಞಾಪಿಸ್ತಾವ್ನೆ" ಅಂದಳು ಅಕ್ಕ.

ಹಾಗಾದರೆ ಚೆನ್ನೈ ಬೀಚಿನಲ್ಲೋ ರಾಮೇಶ್ವರದಲ್ಲೋ ಮುಳುಗಿ ಬರಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ಭಾವ ಒಪ್ಪಲಿಲ್ಲ. "ಕೆರೆ ದಡದಾಗೆ ಏನಿರ್ತದೆ? ಕೆಸರು, ಎಮ್ಮೆ ಸಗಣಿ. ನಡುವಿಗೆ ಹೋದ್ರೆ ನೀರು ಗಾಜಿದ್ದಂಗೆ. ಸಮುದ್ರಾನೂ ಅಷ್ಟೇಮ್ಮ. ಹರಕೆ ನೀರು ಅಂದ್ಮೇಲೆ ನಡುವಿಂದೇ ಆಗ್ಬೇಕು" ಎಂದರು. ಕೆರೆ ನೋಡಿ ಬೆಳೆದ ನಮಗೆ ಆ ಮಾತು ನೂರಕ್ಕೆ ನೂರು ಸರಿಯೆನಿಸಿತು. ನದಿ ಅಂದರೆ ಮರಳು, ಸಮುದ್ರ ಅಂದರೆ ಕ್ಯಾಲೆಂಡರಿನ ಚಿತ್ರ, ಅಷ್ಟೇ ನಮಗೆ ಗೊತ್ತಿದ್ದದ್ದು. ಹಡಗಿನ ಪಕ್ಕಕ್ಕೆ ಕಲ್ಯಾಣಿಗಿರುವಂತೆ ಮೆಟ್ಟಿಲಿರುತ್ತದೆ ಎಂದು ಭಾವನೇ ತೀರ್ಮಾನಿಸಿದರು. ಇಲ್ಲದಿದ್ದರೆ ಇರಲಿ ಎಂದು ಅಕ್ಕ ಹಿತ್ತಾಳೆ ಚೊಂಬನ್ನೂ ಬಾವಿಯಲ್ಲಿ ನೀರು ಸೇದುವ ಹಗ್ಗವನ್ನೂ ಚೀಲಕ್ಕೆ ಹಾಕಿಕೊಂಡಳು. ಅದಕ್ಕೆ ಸರಿಯಾಗಿ ಹಡಗಿನವರ ಜಾಹೀರಾತಿನಲ್ಲಿ ಗಂಡ ಹೆಂಡತಿ ಇಬ್ಬರು ಬೆಳ್ಳಗೆ ನಗುತ್ತ ನೀಲಿ ನೀರಿನಲ್ಲಿ ಸೊಂಟದವರೆಗೆ ನಿಂತಿದ್ದರು. ಫೋನು ಮಾಡಿ ಕೇಳಿದೆ, ಸಮುದ್ರದಲ್ಲಿ ಸ್ನಾನಕ್ಕೆ ಅನುಕೂಲ ಉಂಟೆ ಎಂದು. "ಎಲ್ಲಾ ಇದೆ ಮೇಡಂ" ಎಂದಿತು ಆ ಕಡೆಯ ದನಿ. ತಲೆಗೆ ಇಪ್ಪತ್ತೆಂಟು ಸಾವಿರ. ತೆರಿಗೆ, ಬಂದರು ಶುಲ್ಕ, ಸೇವಾ ಶುಲ್ಕ ಬೇರೆ. ಆ ಬೇರೆ ಎನ್ನುವುದು ಎಷ್ಟು ದೊಡ್ಡದೆಂದು ಹಣ ಕಟ್ಟಿದ ಮೇಲೆ ತಿಳಿಯುತ್ತದೆ.

ಮುಳಬಾಗಿಲಿನಿಂದ ಚೆನ್ನೈಗೆ ಸುಮಾರು ಇನ್ನೂರ ನಲವತ್ತು ಕಿಲೋಮೀಟರು, ರಸ್ತೆ ಚೆನ್ನಾಗಿದೆ. ನಂಗಲಿ ದಾಟಿದರೆ ಆಂಧ್ರ. ಚಿತ್ತೂರಿನ ಹತ್ತಿರ ಇಡ್ಲಿ ತಿಂದೆವು. ಚಟ್ನಿಗೆ ಖಾರ ಧಾರಾಳ, ಬೆಲೆ ನ್ಯಾಯ. ಇಡೀ ಪ್ರವಾಸದಲ್ಲಿ ನಾನು ಮನಸಾರೆ ಹೊಗಳಬಹುದಾದ ಊಟ ಅದೊಂದೇ. ಮಧ್ಯಾಹ್ನದ ಹೊತ್ತಿಗೆ ಚೆನ್ನೈ ಬಂದರಿನಲ್ಲಿ ಇಳಿದಾಗ ಸೆಕೆಗೆ ಮೈ ಅಂಟಂಟಾಗಿತ್ತು. ಅಂಜಪ್ಪ ಅಲ್ಲೇ ನೆಂಟರ ಮನೆಯಲ್ಲಿ ಉಳಿದು, ನಾವು ವಾಪಸು ಬರುವ ದಿನ ಕಾರು ತರುತ್ತೇನೆ ಎಂದು ಹೋದ.

ತಪಾಸಣೆಯಲ್ಲಿ ನಮ್ಮ ಚೀಲ ನಿಂತುಬಿಟ್ಟಿತು. ಯಂತ್ರದೊಳಗೆ ಹಗ್ಗ ಹಾವಿನಂತೆ ಸುತ್ತಿಕೊಂಡಿತ್ತು, ಪಕ್ಕದಲ್ಲಿ ಅಕ್ಕ ಕಟ್ಟಿಕೊಂಡಿದ್ದ ರಾಗಿ ಹುರಿಹಿಟ್ಟು. ಸಮವಸ್ತ್ರದ ಇಬ್ಬರು ಹುಡುಗಿಯರು ಹಿಟ್ಟನ್ನು ಮೂಸಿದರು, ಮೇಲಿನವರನ್ನು ಕರೆದರು, ಅವರೂ ಮೂಸಿದರು. ನಮ್ಮ ಹಿಂದೆ ಸಾಲು ಬೆಳೆಯಿತು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಂತೆ. ಹುರಿಹಿಟ್ಟು, ಕೋಡುಬಳೆ, ಮಾವಿನಕಾಯಿ ಉಪ್ಪಿನಕಾಯಿ ಮೂರೂ ಕಸದ ಡಬ್ಬಿಗೆ ಹೋದವು. ಹಗ್ಗವೂ ಹೋಯಿತು. ಹಗ್ಗದಿಂದ ಅಪಾಯವಂತೆ. ಚೊಂಬನ್ನು ಮಾತ್ರ ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟರು. ಅನ್ನವನ್ನು ಕಸಕ್ಕೆ ಹಾಕುವವರು ಅತಿಥಿ ಸತ್ಕಾರದ ಮಾತಾಡಬಾರದು. ಇದನ್ನು ಅಲ್ಲಿಯೇ, ಸಾಲಿನವರಿಗೆಲ್ಲ ಕೇಳಿಸುವಂತೆ ಹೇಳಿದೆ.

"ಬಿಡೇ, ಊಟ ಹೋದ್ರೆ ಹೋಗ್ಲಿ. ಹಗ್ಗ ಇಲ್ದೆ ನೀರು ಹೆಂಗೇ ಸೇದೋದು?" ಅಂದಳು ಅಕ್ಕ.

ಒಳಗೆ ಹೋದರೆ ತಂಪು, ಹೊಳಪು, ಸಂಗೀತ. ಲಿಫ್ಟಿನಲ್ಲಿ ಎಂಟನೆಯ ಅಂತಸ್ತು. ನಮ್ಮದು ಒಳಕೋಣೆ: ಅಗ್ಗದ್ದು, ಕಿಟಕಿಯಿಲ್ಲ. ಎರಡು ಮಂಚ, ನನಗೆ ರೈಲಿನ ಅಪ್ಪರ್ ಬರ್ತಿನಂತೆ ಗೋಡೆಯಿಂದ ಇಳಿಯುವ ಒಂದು ಹಲಗೆ, ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲದ ಬಚ್ಚಲು. ಗೋಡೆಯ ಟಿವಿ ಹಾಕಿದರೆ ಹಡಗಿನ ಮೂತಿಗೆ ಕಟ್ಟಿದ ಕ್ಯಾಮೆರಾದಿಂದ ಸಮುದ್ರ ತೋರಿಸುತ್ತಾರೆ. ಟಿವಿಯಲ್ಲಿ ಸಮುದ್ರ ನೋಡಲು ಮಾಲೂರಿನಲ್ಲೇ ಇರಬಹುದಿತ್ತು.

ಹೊರಡುವ ಮೊದಲು ಎಲ್ಲರನ್ನೂ ಒಟ್ಟುಗೂಡಿಸಿ, ಅಪಾಯವಾದರೆ ಎಲ್ಲಿ ಸೇರಬೇಕು, ಜೀವರಕ್ಷಕ ಜಾಕೀಟು ಹೇಗೆ ತೊಡಬೇಕು ಎಂದು ತೋರಿಸಿದರು. ಇದು ಚೆನ್ನಾಗಿ ನಡೆಯಿತು, ಒಪ್ಪಬೇಕು. ಆಮೇಲೆ ನಮ್ಮ ಕೈಗೆ ತಲಾ ಒಂದು ಕಾರ್ಡು. ಹಡಗಿನಲ್ಲಿ ನೋಟು ನಡೆಯುವುದಿಲ್ಲ, ಕಾರ್ಡು ತೀಡಬೇಕು. ಎಷ್ಟು ಖರ್ಚಾಯಿತೆಂದು ಕಣ್ಣಿಗೆ ಕಾಣಬಾರದು, ಅದೇ ಇದರ ಉಪಾಯ.

ಸಂಜೆ ಹಡಗು ದಡ ಬಿಟ್ಟಾಗ ಡೆಕ್ ಎನ್ನುವ ಮೇಲಿನ ಬಯಲಿಗೆ ಹೋದೆವು. ಜನ ಫೋಟೋ ತೆಗೆದುಕೊಳ್ಳುತ್ತಿದ್ದರು. ಭಾವ ಕಂಬಿ ಹಿಡಿದು ಬಗ್ಗಿ ನೋಡಿದರು. ನೀರು ಎಲ್ಲೋ ಪಾತಾಳದಲ್ಲಿ ಕಪ್ಪಗೆ ಸರಿಯುತ್ತಿತ್ತು. ಮೆಟ್ಟಿಲು ಹುಡುಕುತ್ತ ಆ ತುದಿಯಿಂದ ಈ ತುದಿಗೆ ನಡೆದರು, ಮತ್ತೆ ಬಂದರು.

"ಹಗ್ಗ ಇದ್ದಿದ್ರೂ ಎಟುಕ್ತಿರ್ಲಿಲ್ಲ ಬಿಡು" ಎಂದರು ಅಕ್ಕನಿಗೆ. "ನಮ್ಮೂರ ಬೋರ್‌ವೆಲ್ಲೇ ವಾಸಿ."

ಅಕ್ಕ ನಗಲಿಲ್ಲ. ಕಾರ್ಯಕ್ರಮ ಪಟ್ಟಿ ನೋಡಿ ನಾನು ಧೈರ್ಯ ಹೇಳಿದೆ. ಮರುದಿನ ಪೂರ್ತಿ ಸಮುದ್ರದ ಮೇಲೆ. ಅದರ ಮರುದಿನ ಪುದುಚೇರಿ. ಹಡಗು ದೂರ ನಿಂತು, ಸಣ್ಣ ದೋಣಿಗಳಲ್ಲಿ ಜನರನ್ನು ಮರಳ ದಂಡೆಗೆ ಕರೆದೊಯ್ಯುತ್ತಾರೆ. ನಡುವಿನ ನೀರಲ್ಲದಿದ್ದರೂ ಸಮುದ್ರವೇ ಅಲ್ಲವೆ? ಭಾವ ಒಲ್ಲದ ಮನಸ್ಸಿನಿಂದ ಹೂಂ ಅಂದರು.

ಎರಡನೆಯ ದಿನದ್ದು ಊಟದ ಕಥೆ. ತಿನ್ನಲು ಎಷ್ಟು ಬೇಕಾದರೂ ಇದೆ, ಅದನ್ನು ಇಲ್ಲವೆನ್ನಲಾರೆ. ಆದರೆ ತಟ್ಟೆ ಹಿಡಿದವರ ನೂಕಾಟ ನೋಡಿದರೆ ನಮ್ಮ ಬೆಳಗಿನ ರೈಲಿನ ಹೆಂಗಸರ ಬೋಗಿಯೇ ಮರ್ಯಾದಸ್ಥರದ್ದು. ಮೂರು ದೋಸೆ ಹಾಕಿಸಿಕೊಂಡು ಒಂದು ತಿಂದು ಎರಡು ಬಿಟ್ಟು ಏಳುತ್ತಾರೆ. ಮುದ್ದೆಯ ಸುಳಿವಿಲ್ಲ, ಮೊಸರನ್ನಕ್ಕೆ ದ್ರಾಕ್ಷಿ ಹಾಕಿ ಸಿಹಿ ಮಾಡಿದ್ದಾರೆ. ಮಾವಿನ ರಸವೆಂದು ಕೊಟ್ಟದ್ದನ್ನು ಭಾವ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಇದು ಮಾವು ಅಂದ್ರೆ ನಮ್ಮ ತೋಟದ ಮರಗಳು ಸಿಟ್ಟಾಗ್ತವೆ" ಎಂದರು. ಕುಡಿಯುವ ನೀರಿನ ಬಾಟಲಿಗೆ ಬೇರೆ ದುಡ್ಡು. ಮೇಲಿನ ಬಯಲಿನಲ್ಲಿ ನೆರಳಿನ ಕುರ್ಚಿಗಳ ಮೇಲೆಲ್ಲ ಬೆಳಗ್ಗೆಯೇ ಯಾರೋ ಟವೆಲ್ಲು ಹಾಸಿ ಹೋಗಿದ್ದರು. ಮಧ್ಯಾಹ್ನದವರೆಗೂ ಆ ಟವೆಲ್ಲಿನ ಒಡೆಯರು ಬರಲಿಲ್ಲ. ನಾನು ಮೂರನ್ನು ಎತ್ತಿ ಪಕ್ಕಕ್ಕಿಟ್ಟು ನಾವು ಕುಳಿತೆವು. ಸಂಜೆಯಾದರೆ ಎದೆ ನಡುಗುವಂಥ ಧ್ವನಿವರ್ಧಕದ ಹಾಡು. ಆ ಅಬ್ಬರ ಶುರುವಾದೊಡನೆ ಅಕ್ಕ ಭಾವನ ಎದೆಯ ಮೇಲೆ ತನ್ನ ಅಂಗೈಯಿಟ್ಟಳು, ಶಬ್ದವನ್ನು ಅದರಿಂದಲೇ ತಡೆಯುವವಳ ಹಾಗೆ. ಕೋಣೆಗೆ ಹೋದೆವು.

ಮೂರನೆಯ ದಿನ ಬೆಳಗ್ಗೆ ಅಕ್ಕ ಹಳದಿ ಸೀರೆಯುಟ್ಟು, ಅರಿಶಿನ ಕುಂಕುಮದ ಪೊಟ್ಟಣ ಚೊಂಬಿನೊಳಗಿಟ್ಟು, ಹೊರಡಲು ಸಿದ್ಧವಾಗಿ ಕುಳಿತಿದ್ದಳು. ಭಾವ ಬಿಳಿ ಪಂಚೆ ಉಟ್ಟಿದ್ದರು. ಆಗ ಧ್ವನಿವರ್ಧಕ ಮಾತಾಡಿತು. ಅಲೆ ಜೋರಾಗಿದೆ, ದೋಣಿ ಇಳಿಸಲು ಆಗುವುದಿಲ್ಲ, ಪುದುಚೇರಿ ಭೇಟಿ ರದ್ದು. ತೊಂದರೆಗೆ ವಿಷಾದ; ಪ್ರತಿಯೊಬ್ಬರಿಗೂ ಒಂದು ಐಸ್‌ಕ್ರೀಂ ಉಚಿತ.

ಅಲೆ ಜೋರಾದರೆ ದೋಣಿ ಇಳಿಸಬಾರದು, ಸರಿ. ಅದಕ್ಕೆ ನಾನು ಬೈಯುವುದಿಲ್ಲ. ಆದರೆ ಎರಡು ವರ್ಷ ಕಾದವರಿಗೆ ಐಸ್‌ಕ್ರೀಂ ಕೊಟ್ಟು ಸಮಾಧಾನ ಮಾಡುತ್ತಾರಲ್ಲ, ಅದಕ್ಕೆ ಏನೆನ್ನಬೇಕು? ಅಕ್ಕ ಚೊಂಬನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಕಣ್ಣು ಭಾವನ ಎದೆಯ ಮೇಲೆ. ಎರಡು ದಿನದಿಂದ ತಮಾಷೆ ಮಾಡುತ್ತಿದ್ದ ಭಾವನೂ ಈಗ ಬಾಯಿ ಬಿಡಲಿಲ್ಲ. ಅವರಿಗೂ ಭಯವಿದೆ ಎಂದು ನನಗೆ ಆವತ್ತೇ ಗೊತ್ತಾದದ್ದು.

"ಮೇಲೆ ಈಜುಕೊಳ ಇದೆಯಲ್ಲ. ಹಡಗಿನ ಕೊಳ, ಅದಕ್ಕೆ ನೀರು ಇನ್ನೆಲ್ಲಿಂದ ಬರಬೇಕು? ಸಮುದ್ರದ್ದೇ ಇರುತ್ತೆ" ಅಂದೆ.

ಮೂವರೂ ಹೋದೆವು. ಕೊಳದ ಕಾವಲಿಗಿದ್ದ ಹುಡುಗ ಕೈ ಅಡ್ಡ ಹಿಡಿದ. ಸೀರೆ, ಪಂಚೆ ಉಟ್ಟವರು ನೀರಿಗಿಳಿಯುವಂತಿಲ್ಲ, ಈಜುಡುಗೆಯೇ ಬೇಕು. ಅರಿವೆಯ ನೂಲು ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದಂತೆ. ಕೆಳಗಿನ ಅಂಗಡಿಯಲ್ಲಿ ಈಜುಡುಗೆ ಸಿಗುತ್ತದೆ ಎಂದು ದಾರಿಯನ್ನೂ ತೋರಿಸಿದ. ಅರವತ್ತು ದಾಟಿದ ನನ್ನ ಅಕ್ಕನಿಗೆ! ಕೊಳದಲ್ಲಿದ್ದ ನಾಲ್ಕು ಜನ ಬಿಯರಿನ ಲೋಟ ಹಿಡಿದು ನಮ್ಮನ್ನೇ ನೋಡುತ್ತಿದ್ದರು. ಲೋಟ ನೀರಿಗೆ ಬಿದ್ದರೆ ಯಂತ್ರಕ್ಕೇನೂ ಆಗುವುದಿಲ್ಲ, ಸೀರೆ ಬಿದ್ದರೆ ಆಗುತ್ತದೆ. ಅಕ್ಕ ಸೆರಗು ಹೊದ್ದುಕೊಂಡು ಹಿಂದೆ ತಿರುಗಿದಳು. ನನಗೆ ತಡೆಯಲಾಗಲಿಲ್ಲ. ನೇರವಾಗಿ ಐದನೆಯ ಅಂತಸ್ತಿನ ವಿಚಾರಣೆ ಕಟ್ಟೆಗೆ ಇಳಿದೆ. ಅಕ್ಕ ಭಾವ ಹಿಂದೆಯೇ ಬಂದರು.

ಕಟ್ಟೆಯ ಹಿಂದೆ ಟೈ ಕಟ್ಟಿದ ಮ್ಯಾನೇಜರು. ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಹುರಿಹಿಟ್ಟಿನಿಂದ ಶುರುಮಾಡಿ ಸೀರೆಯವರೆಗೆ ಎಲ್ಲವನ್ನೂ ಹೇಳಿದೆ. ಜಾಹೀರಾತಿನ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಅವರ ಮುಖಕ್ಕೆ ಹಿಡಿದೆ. "ಎಲ್ಲಿದೆ ರೀ ಈ ನೀರು? ತೋರ್ಸಿ. ಇವರು ಸಮುದ್ರಸ್ನಾನಕ್ಕೆ ಬಂದಿರೋರು, ಐಸ್‌ಕ್ರೀಂ ತಿನ್ನೋಕಲ್ಲ." ಅವರು ಕ್ಷಮೆ ಕೇಳುವ ಯಂತ್ರದಂತೆ ಸಾರಿ ಸಾರಿ ಅನ್ನುತ್ತಿದ್ದರು. ಪಕ್ಕದಲ್ಲಿ ಅಕ್ಕ ಭಾವ ನಮ್ಮ ಗಡಿ ಕಡೆಯ ರೂಢಿಯಂತೆ ತಮ್ಮತಮ್ಮಲ್ಲಿ ತೆಲುಗಿನಲ್ಲಿ ಮಾತಾಡಿಕೊಂಡದ್ದು ಮ್ಯಾನೇಜರ ಕಿವಿಗೆ ಬಿತ್ತು. ಅವರು ವಿಶಾಖಪಟ್ಟಣದ ಕಡೆಯವರಂತೆ. ತಟ್ಟನೆ ನನ್ನನ್ನು ಬಿಟ್ಟು ಅಕ್ಕನ ಕಡೆ ತಿರುಗಿ, ನನ್ನ ಬಾಯಿಂದ ತಪ್ಪಿಸಿಕೊಂಡರೆ ಸಾಕೆನ್ನುವ ಹಾಗೆ ಹೇಳಿದರು:

"ಅಮ್ಮಾ, ಸ್ನಾನಮೇ ಕದಾ? ಮೀ ರೂಮಲೋನೇ ಚೇಯಂಡಿ. ಈ ಓಡಲೋ ನೀಳ್ಳನ್ನೀ ಸಮುದ್ರಂ ನೀಳ್ಳೇ."

ಸ್ನಾನ ತಾನೇ, ನಿಮ್ಮ ಕೋಣೆಯಲ್ಲೇ ಮಾಡಿ, ಈ ಹಡಗಿನ ನೀರೆಲ್ಲ ಸಮುದ್ರದ ನೀರೇ ಅಂತ. ಸಮುದ್ರದ ನಡುವೆ ಹೋಗುವಾಗ ನೀರನ್ನು ಎಳೆದುಕೊಂಡು, ಕಾಯಿಸಿ, ಉಪ್ಪು ತೆಗೆದು ನಲ್ಲಿಗೆ ಬಿಡುತ್ತಾರಂತೆ. ದಡದ ಹತ್ತಿರದ ನೀರು ಕೊಳಕಾದ್ದರಿಂದ ಅಲ್ಲಿ ಎಳೆಯುವುದಿಲ್ಲವಂತೆ.

"ನಾನ್ ಹೇಳ್ಲಿಲ್ವಾ?" ಎಂದರು ಭಾವ, ಎರಡು ದಿನದ ಮೇಲೆ ಮೊದಲ ಸಲ ಎದೆ ಸೆಟೆಸಿ. ಮರುಕ್ಷಣವೇ ಮುಖ ಇಳಿಯಿತು. "ಆದ್ರೆ ಉಪ್ಪು ತೆಗ್ದವ್ರಲ್ಲ. ಉಪ್ಪಿಲ್ದಿದ್ರೆ ಅದೆಂಥ ಸಮುದ್ರ? ಸಪ್ಪೆ ನೀರು."

"ತೆಗ್ದಿದ್ರೆ ಹಾಕಿದ್ರಾಯ್ತು" ಅಂದಳು ಅಕ್ಕ.

ಮ್ಯಾನೇಜರಿಗೆ ಅರ್ಥವಾಗಲಿಲ್ಲ. ನನಗೆ ಸಿಟ್ಟು ಬಂತು. ಇಷ್ಟು ದುಡ್ಡು ಸುರಿದು, ಇಷ್ಟು ಅವಮಾನ ತಿಂದು, ಕೊನೆಗೆ ಬಚ್ಚಲಲ್ಲಿ ಉಪ್ಪುನೀರು ಹುಯ್ದುಕೊಂಡು ಹೋಗುವುದೆ? ಅವರು ದುಡ್ಡು ವಾಪಸು ಕೊಡುವವರೆಗೆ ಇಲ್ಲಿಂದ ಕದಲುವುದಿಲ್ಲ ಅಂದೆ. ಅಕ್ಕ ನನ್ನ ತೋಳು ಹಿಡಿದಳು.

"ಜಗಳ ಆಮೇಲೆ ಆಡುವಂತೆ, ಯಾರು ಬೇಡ ಅಂದ್ರು? ಮೊದ್ಲು ಹೋಗಿ ಉಪ್ಪು ತಗೊಂಬಾ ಕಣೇ. ಹಡಗು ನಡುವಲ್ಲಿರೋವಾಗ್ಲೇ ಆಗ್ಬೇಕು."

ಊಟದ ಮನೆಗೆ ಹೋಗಿ ಪ್ರತಿ ಮೇಜಿನಿಂದಲೂ ಉಪ್ಪಿನ ಸಣ್ಣ ಕಾಗದದ ಪೊಟ್ಟಣಗಳನ್ನು ಬಾಚಿ ಸೆರಗಿಗೆ ತುಂಬಿಕೊಂಡೆ. ಬಡಿಸುವವನು ನೋಡಿದ. ನೋಡಲಿ. ನಮ್ಮ ಹುರಿಹಿಟ್ಟು ಅವರ ಡಬ್ಬಿಯಲ್ಲಿತ್ತು.

ಕಸದ ಬುಟ್ಟಿಯನ್ನು ತೊಳೆದು ಅದನ್ನೇ ಬಕೆಟ್ಟು ಮಾಡಿಕೊಂಡೆವು. ಅಕ್ಕ ಒಂದೊಂದೇ ಪೊಟ್ಟಣ ಹರಿದು ಸುರಿದು, ಕೈಯಾಡಿಸಿ, ಬೆರಳು ನಾಲಗೆಗಿಟ್ಟು ನೋಡಿ, ಇನ್ನೂ ಸಾಲದು ಅಂದು ಮತ್ತೆ ಸುರಿದಳು, ಸಾರಿಗೆ ಉಪ್ಪು ಹಿಡಿಸುವವಳ ಹಾಗೆ. ಅರಿಶಿನ ಕುಂಕುಮ ಹಾಕಿ, ತನಗೆ ಗೊತ್ತಿದ್ದ ನದಿಗಳ ಹೆಸರನ್ನೆಲ್ಲ ಹೇಳಿದಳು. ಕೊನೆಗೆ ನಮ್ಮ ಪಾಲಾರನ್ನೂ ಸೇರಿಸಿದಳು. ಅದೂ ಹರಿದ ಕಾಲಕ್ಕೆ ಈ ಸಮುದ್ರಕ್ಕೇ ಬಂದು ಸೇರುತ್ತಿತ್ತಲ್ಲ. ಸೆರಗಿಗೆ ಪಂಚೆಯ ತುದಿ ಗಂಟು ಹಾಕಿದ್ದು ನಾನು. ಇಬ್ಬರೂ ಬಚ್ಚಲಿಗೆ ಹೊಕ್ಕು ಬಾಗಿಲು ಎಳೆದುಕೊಂಡರು. ನಾನು ಮಂಚದ ಮೇಲೆ ಕುಳಿತೆ.

"ತಲೆ ಬಗ್ಸಿ."

"ಬಗ್ಸೋಕೆ ಜಾಗ ಎಲ್ಲೈತೆ ಇಲ್ಲಿ?"

"ಮಾತಾಡ್ಬೇಡಿ, ಬಾಯಿಗೆ ಹೋಗುತ್ತೆ."

ಒಂದು ಚೊಂಬು ಬಿದ್ದ ಸದ್ದಾಯಿತು. ಭಾವ ಥೂ ಥೂ ಎಂದು ಉಗುಳಿ, "ಸಮುದ್ರಾನೇ ಇದು" ಎಂದರು. ಎರಡನೆಯದು ಬಿತ್ತು. ಮೂರನೆಯದೂ ಬಿತ್ತು. ಆಮೇಲೆ ಅಕ್ಕ ಅತ್ತಳು. ಆಸ್ಪತ್ರೆಯಲ್ಲಿ ಅಳದವಳು, ಮನೆಗೆ ಬಂದ ಮೇಲೂ ಅಳದವಳು, ಆ ಇಕ್ಕಟ್ಟಿನಲ್ಲಿ ನಿಂತು ದನಿ ತೆಗೆದು ಅತ್ತಳು.

"ಇದೀನಲ್ಲೇ. ಇಲ್ಲೇ ಇದೀನಲ್ಲ" ಎನ್ನುತ್ತಿದ್ದರು ಭಾವ, ಅದನ್ನೇ ಮತ್ತೆ ಮತ್ತೆ.

ನಾನು ಎದ್ದು ಟಿವಿಯ ದನಿ ಜೋರು ಮಾಡಿದೆ. ನನಗೂ ಅಳು ಬಂದಿತ್ತು, ಸಿಟ್ಟೂ ಇತ್ತು. ಎರಡೂ ಒಟ್ಟಿಗೆ ಬಂದಾಗ ಏನು ಮಾಡಬೇಕೆಂದು ನನಗೆ ಈಗಲೂ ಗೊತ್ತಿಲ್ಲ.

ಮರುದಿನ ಬೆಳಗ್ಗೆ ಚೆನ್ನೈ. ಇಳಿಯುವ ಮುಂಚೆ ಮ್ಯಾನೇಜರನ್ನು ಹುಡುಕಿಕೊಂಡು ಹೋಗಿ ಬಾಕಿ ಜಗಳ ಆಡಿದೆ. ದುಡ್ಡು ಬರಲಿಲ್ಲ, ಬರುತ್ತದೆಂಬ ಆಸೆಯೂ ಇರಲಿಲ್ಲ. ಅಂಜಪ್ಪ ಹೇಳಿದಂತೆ ಕಾರು ತಂದಿದ್ದ. ಬಂದರಿನಿಂದ ಸ್ವಲ್ಪ ದೂರ ಬಂದರೆ ಎಡಗಡೆ ಮರಳು, ಅದರಾಚೆ ಸಮುದ್ರ, ಬಿಸಿಲಿಗೆ ಹೊಳೆಯುತ್ತ, ಕಾಲು ನೀಡಿದರೆ ಸಿಗುವಷ್ಟು ಹತ್ತಿರ. ಜನ ಮಂಡಿಯವರೆಗೆ ಇಳಿದು ನಿಂತಿದ್ದರು. ಯಾರೂ ಕಾರ್ಡು ಕೇಳುತ್ತಿರಲಿಲ್ಲ, ಸೀರೆ ಉಟ್ಟವರನ್ನು ತಡೆಯುತ್ತಿರಲಿಲ್ಲ.

"ನಿಲ್ಸು ಅಂಜಪ್ಪ" ಅಂದೆ. "ಅಕ್ಕಾ, ಇನ್ನೂ ಮಾಘ ಕಳೆದಿಲ್ಲ. ಇಳೀರಿ, ಒಂದು ಸಲ ಸರಿಯಾಗಿ ಮುಳುಗಿ ಬರೋಣ. ನಿಜವಾದ ಸಮುದ್ರದಲ್ಲಿ."

ಅಕ್ಕ ಆ ಕಡೆ ನೋಡಿದಳು. ನೋಟದಲ್ಲಿ ಆಸೆಯಿರಲಿಲ್ಲ.

"ಬೇಡ. ಈಗ ಇಲ್ಲಿ ಇಳಿದ್ರೆ ನಿನ್ನೇದು ಸುಳ್ಳು ಅಂತ ನಾವೇ ಒಪ್ಕೊಂಡಂಗೆ. ತೀರ್ತು ಅಂದ್ಮೇಲೆ ತೀರ್ತು. ನೀನು ಬೇಕಾದ್ರೆ ಕಾಲು ತೊಳ್ಕೊಂಡು ಬಾ, ಕಾಯ್ತೀವಿ."

ನಾನು ಇಳಿಯಲಿಲ್ಲ. ಹೋಗು ಅಂದೆ. ಅಂಜಪ್ಪ ಕಾರು ತಿರುಗಿಸಿದ. ಹಿಂದಿನ ಗಾಜಿನಲ್ಲಿ ನೀರು ಸ್ವಲ್ಪ ಹೊತ್ತು ಕಂಡಿತು, ಆಮೇಲೆ ಕಟ್ಟಡಗಳು ಅಡ್ಡ ಬಂದವು. ಹಡಗಿನವರ ಮೇಲೆ ಇನ್ನೂ ಏನೇನು ದೂರಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತ ಕೂತಿದ್ದೆ. ಅದನ್ನು ಅಕ್ಕನಿಗೆ ಹೇಳಬೇಕೆಂದು ತಿರುಗಿದೆ. ಅವಳು ತಲೆಯನ್ನು ಸೀಟಿಗೆ ಒರಗಿಸಿ, ಬಾಯಿ ಸ್ವಲ್ಪ ತೆರೆದು, ಗಾಢವಾಗಿ ನಿದ್ದೆ ಹೋಗಿದ್ದಳು. ಮುಖ ಕಿಟಕಿಯ ಕಡೆಗಿತ್ತು. ಭಾವ ಕೂತದ್ದು ಇನ್ನೊಂದು ಕಡೆ.

ರಾಣಿಪೇಟೆ ದಾಟಿದ ಮೇಲೆ ಒಂದು ಲಾರಿ ದಾರಿ ಬಿಡದೆ ಸತಾಯಿಸಿತು. ಅಂಜಪ್ಪ ಹಾರನ್ನಿಗೆ ಕೈ ಹಾಕಿದ. ಭಾವ ಮುಂದಕ್ಕೆ ಬಗ್ಗಿ ಅವನ ಹೆಗಲು ಮುಟ್ಟಿದರು.

"ಬೇಡಪ್ಪ. ಅವ್ಳು ಹಿಂಗೆ ಮಲಗಿ ಎರಡು ವರ್ಷ ಆಯ್ತು."

ಮುಳಬಾಗಿಲು ಬರುವವರೆಗೂ ಅಂಜಪ್ಪ ಹಾರನ್ ಮುಟ್ಟಲಿಲ್ಲ.